ಹೆಸರು ಮೊದಲೇ ಗೊತ್ತು, ಮತ್ತೇಕೆ ಸಮಾವೇಶ? ಅಮೆರಿಕದ ಪಕ್ಷಗಳ ಅಭ್ಯರ್ಥಿ ಆಯ್ಕೆಯ ಒಳಲೆಕ್ಕ

2025ರ ಆಗಸ್ಟ್ ತಿಂಗಳ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆಲೋಚನೆಯನ್ನು ಮುಂದಿಟ್ಟರು. 2026ರ ನವೆಂಬರ್‌ನ ಸಂಸತ್ ಚುನಾವಣೆಗೆ ತುಸು ಮೊದಲು ರಿಪಬ್ಲಿಕನ್ ಪಕ್ಷ ಒಂದು ರಾಷ್ಟ್ರೀಯ ಸಮಾವೇಶ ನಡೆಸಬೇಕು ಎಂಬುದು ಅವರ ಇಂಗಿತ. ಅದೇ ಹೊತ್ತಿಗೆ ಡೆಮಾಕ್ರಟಿಕ್ ಪಕ್ಷದಲ್ಲೂ ಅಂಥದೇ ಸಮಾವೇಶದ ಮಾತು ಕೇಳಿಬಂತು. ಸುದ್ದಿ ಓದಿದವರಿಗೆ ಗೊಂದಲವಾಗಿದ್ದರೆ ಅದು ಸಹಜವೇ. ಅಲ್ಲಿನ ಪಕ್ಷಗಳ ರಾಷ್ಟ್ರೀಯ ಸಮಾವೇಶಗಳು ನಾಲ್ಕು ವರ್ಷಕ್ಕೊಮ್ಮೆ, ಅಧ್ಯಕ್ಷ ಮತ್ತು ಉಪಾಧ್ಯಕ್ಷ ಸ್ಥಾನಗಳ ಅಭ್ಯರ್ಥಿಗಳನ್ನು ಆರಿಸುವುದಕ್ಕೆಂದೇ ಸೇರುವಂಥವು. 2026ರಲ್ಲಿ ಅಧ್ಯಕ್ಷ ಚುನಾವಣೆಯೇ ಇಲ್ಲ. ಆರಿಸಬೇಕಾದ ಅಭ್ಯರ್ಥಿಯೇ ಇಲ್ಲದಿರುವಾಗ ಸೇರುವುದು ಯಾವ ಕೆಲಸಕ್ಕೆ?

ಅದಕ್ಕೆ ಹಿಂದಿನ ವರ್ಷ ಇದರ ತದ್ವಿರುದ್ಧವಾದ ಪ್ರಸಂಗ ನಡೆದಿತ್ತು. 2024ರ ಆಗಸ್ಟ್ 19ರಿಂದ 22ರವರೆಗೆ ಷಿಕಾಗೋದಲ್ಲಿ ಡೆಮಾಕ್ರಟಿಕ್ ಸಮಾವೇಶ ಸೇರುವ ಹೊತ್ತಿಗೆ ಕಮಲಾ ಹ್ಯಾರಿಸ್ ಅಧಿಕೃತ ಅಭ್ಯರ್ಥಿಯಾಗಿ ಎರಡು ವಾರಗಳೇ ಆಗಿದ್ದವು. ಅಭ್ಯರ್ಥಿಯನ್ನು ಆರಿಸಲು ಪ್ರತಿ ರಾಜ್ಯದಿಂದ ಸಮಾವೇಶಕ್ಕೆ ಬರುವ ಪಕ್ಷದ ಪ್ರತಿನಿಧಿಗಳು ತಮ್ಮ ತಮ್ಮ ಊರುಗಳಿಂದಲೇ ಆನ್‌ಲೈನ್ ಮೂಲಕ ಮತ ಹಾಕಿ ಮುಗಿಸಿದ್ದರು. ಸಭಾಂಗಣದಲ್ಲಿ ರಾಜ್ಯಗಳ ಹೆಸರು ಕೂಗಿ ನಡೆಸಿದ ಮತ ಎಣಿಕೆಗೆ ಯಾವ ಕಾನೂನಿನ ಬೆಲೆಯೂ ಇರಲಿಲ್ಲ. ಡಿಜೆ ಒಬ್ಬರು ರಾಜ್ಯಕ್ಕೊಂದರಂತೆ ಹಾಡು ಹಾಕುತ್ತಿದ್ದುದರಿಂದ ನೋಡಲು ಸೊಗಸಾಗಿತ್ತು, ಅಷ್ಟೇ.

ಒಂದು ಕಡೆ ಅಭ್ಯರ್ಥಿ ಆಯ್ಕೆಯಾದ ಮೇಲೆ ಸೇರಿದ ಸಮಾವೇಶ, ಇನ್ನೊಂದು ಕಡೆ ಅಭ್ಯರ್ಥಿಯೇ ಬೇಕಿಲ್ಲದ ಸಮಾವೇಶ. ಹಾಗಾದರೆ ಈ ಪದ್ಧತಿಗೆ ಇನ್ನೂ ಏನಾದರೂ ಕೆಲಸ ಉಳಿದಿದೆಯೇ ಎಂಬ ಪ್ರಶ್ನೆ ಅಮೆರಿಕದಲ್ಲೂ ಮತ್ತೆ ಮತ್ತೆ ಏಳುತ್ತಿದೆ. ಉತ್ತರ ಸಿಗಬೇಕಾದರೆ, ನಾಲ್ಕು ದಿನದ ಅಬ್ಬರವನ್ನು ಪ್ರತಿನಿಧಿಗಳಿಗಿರುವ ಅಧಿಕಾರದಿಂದ ಬೇರ್ಪಡಿಸಿ ನೋಡಬೇಕು. ಜೊತೆಗೆ, ಅಲ್ಲಿ ಗೆದ್ದವರು ಏನು ಪಡೆದರು ಎನ್ನುವುದಕ್ಕಿಂತ ಸೋತವರು ಏನು ಪಡೆದುಕೊಂಡು ಹೋದರು ಎಂಬುದನ್ನು ಹೆಚ್ಚು ಗಮನಿಸಬೇಕು.

ಸಂಸದರ ಕೂಟದಿಂದ ಸಭಾಂಗಣಕ್ಕೆ

ಅಮೆರಿಕದ ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಪ್ರಸ್ತಾಪವೇ ಇಲ್ಲ. ಆದ್ದರಿಂದ ಪಕ್ಷವೊಂದು ತನ್ನ ಅಭ್ಯರ್ಥಿಯನ್ನು ಹೇಗೆ ಆರಿಸಬೇಕು ಎಂಬುದಕ್ಕೂ ಅದರಲ್ಲಿ ಉತ್ತರವಿಲ್ಲ. 19ನೇ ಶತಮಾನದ ಆರಂಭದಲ್ಲಿ ಆ ಕೆಲಸವನ್ನು ಸಂಸದರೇ ತಮ್ಮ ತಮ್ಮಲ್ಲಿ ಕೂತು ಮಾಡುತ್ತಿದ್ದರು. 1824ರಲ್ಲಿ ಸಂಸದರ ಇಂಥ ಕೂಟ ವಿಲಿಯಂ ಕ್ರಾಫರ್ಡ್ ಅವರ ಹೆಸರನ್ನು ಆರಿಸಿದಾಗ ಸಭೆಗೆ ಬಂದಿದ್ದವರು ಸುಮಾರು ಕಾಲುಭಾಗ ಸದಸ್ಯರು ಮಾತ್ರ. ದೇಶ ಆ ಆಯ್ಕೆಯನ್ನು ಒಪ್ಪಲಿಲ್ಲ. ನಾಲ್ವರು ಕಣದಲ್ಲಿ ಉಳಿದರು, ಯಾರಿಗೂ ಬಹುಮತ ಬರಲಿಲ್ಲ, ಕೊನೆಗೆ ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನು ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ಅಧ್ಯಕ್ಷರನ್ನಾಗಿ ಆರಿಸಿತು. ಸಂಸದರ ಕೂಟದ ಮಾನ ಅಲ್ಲಿಗೆ ಹೋಯಿತು.

ಅದರ ಜಾಗಕ್ಕೆ ಬಂದದ್ದೇ ಸಮಾವೇಶ. ಫ್ರೀಮೇಸನ್ ಎಂಬ ಗುಪ್ತ ಸಂಘವನ್ನು ವಿರೋಧಿಸಲೆಂದೇ ಹುಟ್ಟಿದ್ದ ಒಂದು ಸಣ್ಣ ಪಕ್ಷ 1831ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್ ನಗರದಲ್ಲಿ ಮೊದಲ ರಾಷ್ಟ್ರೀಯ ಸಮಾವೇಶ ನಡೆಸಿತು. ಕೂಟ ಕಟ್ಟುವಷ್ಟು ಸಂಸದರೇ ಆ ಪಕ್ಷಕ್ಕೆ ಇರಲಿಲ್ಲವಾದ್ದರಿಂದ ರಾಜ್ಯಗಳಿಂದ ಪ್ರತಿನಿಧಿಗಳನ್ನು ಕರೆಸುವುದು ಅದಕ್ಕೆ ಅನಿವಾರ್ಯವೂ ಆಗಿತ್ತು. ಮರುವರ್ಷ ಡೆಮಾಕ್ರಟರೂ ಅದೇ ಊರಿನಲ್ಲಿ ಸೇರಿದರು. ಅಭ್ಯರ್ಥಿಗೆ ಮೂರನೇ ಎರಡರಷ್ಟು ಮತ ಬೇಕೆಂಬ ನಿಯಮವನ್ನು ಅವರು ಅಲ್ಲಿ ಮಾಡಿಕೊಂಡರು. ಅದು 1936ರವರೆಗೆ ಉಳಿದು, ದಕ್ಷಿಣದ ರಾಜ್ಯಗಳ ಕೈಯಲ್ಲಿ ತಮಗಾಗದ ಹೆಸರನ್ನು ತಡೆಯುವ ಅಸ್ತ್ರವಾಯಿತು. ಇಂದು ಹಳೆಯ ಕುಳಗಳ ಕೂಟವೆಂದು ಬೈಸಿಕೊಳ್ಳುವ ಸಮಾವೇಶ, ಹುಟ್ಟಿದಾಗ ಅಧಿಕಾರವನ್ನು ರಾಜಧಾನಿಯಿಂದ ರಾಜ್ಯಗಳಿಗೆ ಹಂಚಿದ ಸುಧಾರಣೆಯಾಗಿತ್ತು ಎಂಬುದನ್ನು ಮರೆಯಬಾರದು.

ಸುತ್ತಿನ ಮೇಲೆ ಸುತ್ತು

ಸುಮಾರು 120 ವರ್ಷಗಳ ಕಾಲ ಈ ಸಭೆಗಳಲ್ಲಿ ನಿಜವಾದ ತೀರ್ಮಾನ ನಡೆಯುತ್ತಿತ್ತು. 1860ರಲ್ಲಿ ಷಿಕಾಗೋಗೆ ಬಂದ ರಿಪಬ್ಲಿಕನ್ ಪ್ರತಿನಿಧಿಗಳಲ್ಲಿ ಹೆಚ್ಚಿನವರ ಬಾಯಲ್ಲಿದ್ದದ್ದು ವಿಲಿಯಂ ಸೀವರ್ಡ್ ಹೆಸರು, ಮೊದಲ ಸುತ್ತಿನಲ್ಲಿ ಮುಂದಿದ್ದವರೂ ಅವರೇ. ಮೂರನೇ ಸುತ್ತಿನಲ್ಲಿ ಗೆದ್ದವರು ಅಬ್ರಹಾಂ ಲಿಂಕನ್. 1924ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸೇರಿದ ಡೆಮಾಕ್ರಟರು, ನಗರವಾಸಿ ಕ್ಯಾಥೋಲಿಕರ ನಾಯಕ ಆಲ್ ಸ್ಮಿತ್ ಒಂದು ಕಡೆ, ವಿಲಿಯಂ ಮ್ಯಾಕಡೂ ಇನ್ನೊಂದು ಕಡೆ ಪಟ್ಟು ಹಿಡಿದ ಕಾರಣ, 103 ಸುತ್ತು ಮತ ಹಾಕಿದರು. ಕೊನೆಗೆ ಇಬ್ಬರನ್ನೂ ಬಿಟ್ಟು ಜಾನ್ ಡೇವಿಸ್ ಎಂಬುವರನ್ನು ಆರಿಸಿ ಮನೆಗೆ ಹೋದರು. ಈ ಒಳಜಗಳವನ್ನು ದೇಶ ಮೊದಲ ಬಾರಿಗೆ ರೇಡಿಯೋದಲ್ಲಿ ಕೇಳಿತು. ಆ ನವೆಂಬರ್‌ನಲ್ಲಿ ಡೇವಿಸ್ ಹೀನಾಯವಾಗಿ ಸೋತರು.

ಉಪಾಧ್ಯಕ್ಷ ಸ್ಥಾನವೂ ಆಗ ಸಭೆಯ ಕೈಯಲ್ಲೇ ಇತ್ತು. 1944ರಲ್ಲಿ ರೂಸ್‌ವೆಲ್ಟ್ ಅವರ ಆರೋಗ್ಯ ಕುಸಿಯುತ್ತಿರುವುದನ್ನು ಬಲ್ಲ ಪಕ್ಷದ ಹಿರಿಯರು, ಅಂದಿನ ಉಪಾಧ್ಯಕ್ಷ ಹೆನ್ರಿ ವಾಲೆಸ್ ಅವರನ್ನು ಬದಿಗೆ ಸರಿಸಿ ಹ್ಯಾರಿ ಟ್ರೂಮನ್ ಅವರನ್ನು ತಂದು ನಿಲ್ಲಿಸಿದರು. ಒಂಬತ್ತು ತಿಂಗಳೊಳಗೆ ಟ್ರೂಮನ್ ಅಧ್ಯಕ್ಷರಾದರು. ಮುಂದಿನ ಅಧ್ಯಕ್ಷರನ್ನೇ ಆರಿಸುತ್ತಿದ್ದೇವೆ ಎಂಬ ಅರಿವಿನಿಂದ ಸಮಾವೇಶವೊಂದು ಉಪಾಧ್ಯಕ್ಷರನ್ನು ಆರಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯಿಲ್ಲ. ಇಂದು ಆ ಹೆಸರನ್ನು ಅಧ್ಯಕ್ಷ ಅಭ್ಯರ್ಥಿಯೇ ಘೋಷಿಸುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ.

1952ರಲ್ಲಿ ಡೆಮಾಕ್ರಟರು ಅಡ್ಲೈ ಸ್ಟೀವನ್‌ಸನ್ ಅವರನ್ನು ಮೂರನೇ ಸುತ್ತಿನಲ್ಲಿ ಆರಿಸಿದರು. ಆಮೇಲೆ ಎರಡು ದೊಡ್ಡ ಪಕ್ಷಗಳ ಯಾವ ಸಮಾವೇಶದಲ್ಲೂ ಅಧ್ಯಕ್ಷ ಅಭ್ಯರ್ಥಿಗಾಗಿ ಎರಡನೇ ಸುತ್ತಿನ ಅಗತ್ಯವೇ ಬಂದಿಲ್ಲ.

1968ರ ನಂತರ ಬದಲಾದ ಲೆಕ್ಕ

ಎರಡನೇ ಸುತ್ತು ಏಕೆ ಮಾಯವಾಯಿತು ಎಂಬುದಕ್ಕೆ ಉತ್ತರ 1968ರ ಷಿಕಾಗೋದಲ್ಲಿದೆ. ವಿಯೆಟ್ನಾಂ ಯುದ್ಧದ ಬಿಸಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಮಾರ್ಚ್ 31ರಂದು ಕಣದಿಂದ ಹಿಂದೆ ಸರಿದರು. ಯುದ್ಧವಿರೋಧಿಗಳಾದ ಯೂಜೀನ್ ಮೆಕಾರ್ಥಿ ಮತ್ತು ರಾಬರ್ಟ್ ಕೆನಡಿ ಪ್ರೈಮರಿ ಚುನಾವಣೆಗಳಲ್ಲಿ, ಅಂದರೆ ಪಕ್ಷದ ಬೆಂಬಲಿಗರೇ ನೇರವಾಗಿ ಮತ ಹಾಕುವ ರಾಜ್ಯಮಟ್ಟದ ಚುನಾವಣೆಗಳಲ್ಲಿ, ಪೈಪೋಟಿ ನಡೆಸಿದರು. ಜೂನ್‌ನಲ್ಲಿ ಕೆನಡಿ ಹತ್ಯೆಯಾಯಿತು. ಆಗಸ್ಟ್‌ನಲ್ಲಿ ಅಭ್ಯರ್ಥಿಯಾಗಿ ಹೊರಬಂದವರು ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ. ಆಗ ಬೆರಳೆಣಿಕೆಯ ರಾಜ್ಯಗಳಲ್ಲಷ್ಟೇ ಪ್ರೈಮರಿ ಇದ್ದುದರಿಂದ ಉಳಿದೆಡೆ ಪ್ರತಿನಿಧಿಗಳನ್ನು ಆರಿಸುತ್ತಿದ್ದವರು ಪಕ್ಷದ ರಾಜ್ಯ ನಾಯಕರು, ಮತ್ತು ಆ ನಾಯಕರು ಹಂಫ್ರಿ ಕಡೆ ಇದ್ದರು. ಹೊರಗೆ ಬೀದಿಯಲ್ಲಿ ಪೊಲೀಸರು ಪ್ರತಿಭಟನಾಕಾರರನ್ನು ಬಡಿಯುತ್ತಿದ್ದ ದೃಶ್ಯ, ಒಳಗೆ ಪ್ರತಿನಿಧಿಗಳು ಕೂಗಾಡುತ್ತಿದ್ದ ದೃಶ್ಯ, ಎರಡೂ ಟಿವಿಯಲ್ಲಿ ಮನೆಮನೆಗೆ ತಲುಪಿದವು.

ಆ ಗದ್ದಲದ ನಡುವೆ, ಹೆಚ್ಚಿನವರ ಗಮನಕ್ಕೆ ಬಾರದಂತೆ, ಸಮಾವೇಶ ಒಂದು ನಿರ್ಣಯವನ್ನು ಅಂಗೀಕರಿಸಿತು: ಪ್ರತಿನಿಧಿಗಳ ಆಯ್ಕೆಯನ್ನು ಸುಧಾರಿಸಲು ಒಂದು ಆಯೋಗ ರಚಿಸಬೇಕು. ಸೆನೆಟರ್ ಜಾರ್ಜ್ ಮೆಕ್‌ಗವರ್ನ್, ಅವರ ನಂತರ ಸಂಸದ ಡೊನಾಲ್ಡ್ ಫ್ರೇಜರ್ ನೇತೃತ್ವ ವಹಿಸಿದ ಆ ಆಯೋಗ, ಪ್ರತಿನಿಧಿಗಳ ಆಯ್ಕೆ ಬಹಿರಂಗವಾಗಿ, ಚುನಾವಣೆ ನಡೆಯುವ ವರ್ಷದಲ್ಲೇ, ಪಕ್ಷದ ಎಲ್ಲ ಬೆಂಬಲಿಗರಿಗೂ ಅವಕಾಶವಿರುವಂತೆ ನಡೆಯಬೇಕೆಂದು ಕಟ್ಟುನಿಟ್ಟು ಮಾಡಿತು. ಎಲ್ಲೆಡೆ ಪ್ರೈಮರಿ ನಡೆಸಿ ಎಂದು ಅದು ಹೇಳಲಿಲ್ಲ. ಆದರೆ ಹೊಸ ನಿಯಮಗಳನ್ನು ಪಾಲಿಸಲು ಅದಕ್ಕಿಂತ ಸುಲಭದ ದಾರಿ ರಾಜ್ಯಗಳಿಗೆ ಕಾಣಲಿಲ್ಲ. ಪ್ರೈಮರಿ ನಡೆಸಲು ರಾಜ್ಯಗಳು ಕಾನೂನು ತಿದ್ದಿಕೊಂಡಾಗ ಅದು ರಿಪಬ್ಲಿಕನ್ ಪಕ್ಷಕ್ಕೂ ಅನ್ವಯವಾಯಿತು. ಪರಿಣಾಮವಾಗಿ ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಎರಡೂ ಪಕ್ಷಗಳ ಬಹುಪಾಲು ಪ್ರತಿನಿಧಿಗಳು, ಯಾರಿಗೆ ಮತ ಹಾಕಬೇಕೆಂಬುದು ಮೊದಲೇ ತೀರ್ಮಾನವಾಗಿಯೇ ಸಭಾಂಗಣಕ್ಕೆ ಬರುವಂತಾಯಿತು.

ಹೀಗೆ ಸಮಾವೇಶದ ಅಧಿಕಾರವನ್ನು ಕಿತ್ತುಕೊಂಡದ್ದು ಹೊರಗಿನವರಲ್ಲ. ಸಮಾವೇಶದ್ದೇ ಒಂದು ನಿರ್ಣಯ, ಅದೂ ಆ ವರ್ಷ ಸೋತ ಬಣದ ಕಣ್ಣೊರೆಸಲು ಒಪ್ಪಿಕೊಂಡ ನಿರ್ಣಯ, ಆ ಕೆಲಸ ಮಾಡಿತು.

ಕಾನೂನಿಗೆ ಬೇಕಾದ ಮುದ್ರೆ

ಹಾಗಿದ್ದರೂ ಸಮಾವೇಶವನ್ನು ಕೈಬಿಡಲು ಆಗದಿರುವುದಕ್ಕೆ ಒಂದು ನೀರಸ ಕಾರಣವಿದೆ. ಮತಪತ್ರದಲ್ಲಿ ಪಕ್ಷದ ಹೆಸರಿನ ಮುಂದೆ ಯಾರ ಹೆಸರು ಅಚ್ಚಾಗಬೇಕು ಎಂಬುದನ್ನು ಪ್ರತಿ ರಾಜ್ಯದ ಚುನಾವಣಾ ಅಧಿಕಾರಿಗೆ ಪಕ್ಷ ವಿಧಿಬದ್ಧವಾಗಿ ತಿಳಿಸಬೇಕು. ನಮ್ಮಲ್ಲಿ ಪಕ್ಷದ ಬಿ ಫಾರಂ ಮಾಡುವ ಕೆಲಸವನ್ನು ಅಲ್ಲಿ ಸಮಾವೇಶದ ಮತದಾನದ ದೃಢೀಕರಣ ಮಾಡುತ್ತದೆ. ಪ್ರೈಮರಿಗಳಲ್ಲಿ ಎಷ್ಟೇ ರಾಜ್ಯಗಳನ್ನು ಗೆದ್ದಿದ್ದರೂ, ಪ್ರತಿನಿಧಿಗಳ ಬಹುಮತ ಅಧಿಕೃತವಾಗಿ ದಾಖಲಾಗುವ ತನಕ ಆ ವ್ಯಕ್ತಿ ಸಂಭಾವ್ಯ ಅಭ್ಯರ್ಥಿ ಮಾತ್ರ.

ಯಾರನ್ನು ಪ್ರತಿನಿಧಿಯೆಂದು ಒಪ್ಪಬೇಕು ಎಂಬುದರಲ್ಲೂ ಕೊನೆಯ ಮಾತು ಸಮಾವೇಶದ್ದೇ. 1972ರಲ್ಲಿ ಷಿಕಾಗೋ ಮೇಯರ್ ರಿಚರ್ಡ್ ಡೇಲಿ ಅವರ ಗುಂಪನ್ನು ಹೊಸ ನಿಯಮ ಮುರಿದ ಕಾರಣಕ್ಕೆ ಹೊರಗಿಟ್ಟು ಬೇರೊಂದು ಗುಂಪಿಗೆ ಆಸನ ಕೊಡಲಾಯಿತು. ವಿವಾದ ನ್ಯಾಯಾಲಯಕ್ಕೆ ಹೋಯಿತು. 1975ರಲ್ಲಿ ಸುಪ್ರೀಂ ಕೋರ್ಟ್, ರಾಷ್ಟ್ರೀಯ ಸಮಾವೇಶದ ಪ್ರತಿನಿಧಿಗಳ ವಿಷಯದಲ್ಲಿ ರಾಜ್ಯದ ಕಾನೂನಿಗಿಂತ ಪಕ್ಷದ ನಿಯಮವೇ ಮೇಲು ಎಂದು ತೀರ್ಪು ಕೊಟ್ಟಿತು. ಪಕ್ಷವೆಂಬುದು ಖಾಸಗಿ ಸಂಘ, ತನ್ನ ಪರವಾಗಿ ಮಾತನಾಡುವವರು ಯಾರು ಎಂದು ತೀರ್ಮಾನಿಸುವ ಹಕ್ಕು ಅದರದ್ದೇ ಎಂಬ ತತ್ವ ಇದರ ಹಿಂದಿದೆ.

2024ರ ಬೇಸಿಗೆಯಲ್ಲಿ ಬಂದ ಪರೀಕ್ಷೆ

ಸಮಾವೇಶ ಬೇಕೆನ್ನುವವರು ಐವತ್ತು ವರ್ಷಗಳಿಂದ ಕೊಡುತ್ತ ಬಂದ ಕಾರಣವೊಂದಿತ್ತು. ಪ್ರೈಮರಿ ಗೆದ್ದ ವ್ಯಕ್ತಿ ತೀರಿಕೊಂಡರೆ, ಕಾಯಿಲೆ ಬಿದ್ದರೆ, ಹಿಂದೆ ಸರಿದರೆ ಏನು ಮಾಡುವುದು? ಅಂಥ ಆಪತ್ತಿಗೆಂದು ತೀರ್ಮಾನದ ಅಧಿಕಾರವಿರುವ ಒಂದು ಸಭೆ ಇರಲೇಬೇಕು ಎಂಬ ವಾದವದು. 2024ರ ಜುಲೈ 21ರಂದು ಜೋ ಬೈಡನ್ ಕಣದಿಂದ ಹಿಂದೆ ಸರಿದಾಗ ಅಂಥ ಘಳಿಗೆಯೇ ಬಂತು. ಪ್ರೈಮರಿಗಳಲ್ಲಿ ಬಹುತೇಕ ಎಲ್ಲ ಪ್ರತಿನಿಧಿಗಳನ್ನೂ ಅವರೇ ಗೆದ್ದಿದ್ದರು. ಸಮಾವೇಶಕ್ಕೆ ನಾಲ್ಕು ವಾರ ಉಳಿದಿತ್ತು.

ಹಳೆಯ ಕಾಲದ ಮುಕ್ತ ಸಮಾವೇಶ ನಡೆಯಲಿ, ನಾಲ್ಕಾರು ಗವರ್ನರ್‌ಗಳು, ಸೆನೆಟರ್‌ಗಳು ಪ್ರತಿನಿಧಿಗಳ ಮುಂದೆ ನಿಂತು ಮತ ಕೇಳಲಿ ಎಂದು ಕೆಲವು ಅಂಕಣಕಾರರೂ ಮುಖಂಡರೂ ಒತ್ತಾಯಿಸಿದರು. ಅದು ನಡೆಯಲಿಲ್ಲ. ಬೈಡನ್ ಕೂಡಲೇ ಕಮಲಾ ಹ್ಯಾರಿಸ್ ಅವರ ಹೆಸರನ್ನು ಅನುಮೋದಿಸಿದರು. ಎರಡು ದಿನ ತುಂಬುವುದರೊಳಗೆ ಹ್ಯಾರಿಸ್ ಪರ ನಿಂತ ಪ್ರತಿನಿಧಿಗಳ ಸಂಖ್ಯೆ ಬಹುಮತ ದಾಟಿತ್ತು. ಆನ್‌ಲೈನ್ ಮತದಾನಕ್ಕೆ ನಿಲ್ಲಬೇಕಾದವರು 300 ಪ್ರತಿನಿಧಿಗಳ ಸಹಿ ತರಬೇಕು, ಅದರಲ್ಲಿ ಒಂದೇ ರಾಜ್ಯದವರು 50ಕ್ಕಿಂತ ಹೆಚ್ಚು ಇರಬಾರದು ಎಂಬ ಷರತ್ತಿತ್ತು. ಅದನ್ನು ಪೂರೈಸಿದವರು ಹ್ಯಾರಿಸ್ ಒಬ್ಬರೇ. ಆಗಸ್ಟ್ 1ರಿಂದ 5ರವರೆಗೆ ನಡೆದ ಮತದಾನದಲ್ಲಿ ಶೇ 99ರಷ್ಟು ಮತ ಅವರಿಗೆ ಬಿತ್ತು.

ಆನ್‌ಲೈನ್ ಏಕೆ? ಒಹಾಯೋ ರಾಜ್ಯದ ಕಾನೂನಿನಂತೆ ಅಭ್ಯರ್ಥಿಯ ಹೆಸರನ್ನು ಚುನಾವಣೆಗೆ 90 ದಿನ ಮೊದಲೇ, ಅಂದರೆ ಆಗಸ್ಟ್ 7ರೊಳಗೆ, ಕೊಡಬೇಕಿತ್ತು. ಸಮಾವೇಶ ಇದ್ದದ್ದು 19ಕ್ಕೆ. ಬೈಡನ್ ಇನ್ನೂ ಕಣದಲ್ಲಿದ್ದಾಗಲೇ, ಮೇ ತಿಂಗಳಲ್ಲಿ, ಪಕ್ಷ ಈ ಕಾರಣಕ್ಕೆ ಆನ್‌ಲೈನ್ ಮತದಾನದ ದಾರಿ ಹಿಡಿದಿತ್ತು. ಒಹಾಯೋ ಶಾಸನಸಭೆ ಆಮೇಲೆ ಗಡುವನ್ನು ಮುಂದಕ್ಕೆ ಹಾಕಿತಾದರೂ ಮೊಕದ್ದಮೆಗಳ ಭಯವಿದೆ ಎಂದು ಪಕ್ಷ ತನ್ನ ಯೋಜನೆಯನ್ನು ಬದಲಿಸಲಿಲ್ಲ. ಭಯ ನಿಜವಾದದ್ದೇ ಇರಬಹುದು. ಆದರೆ ಸಭಾಂಗಣದಲ್ಲಿ ಭಿನ್ನಮತ ಸ್ಫೋಟಗೊಳ್ಳುವ ಸಾಧ್ಯತೆಯನ್ನೂ ಅದು ಇಲ್ಲವಾಗಿಸಿತು ಎಂಬುದು ನಾಯಕರಿಗೆ ಬೇಸರ ತಂದಿರಲಾರದು.

ಇಲ್ಲಿ ಸಾಬೀತಾದದ್ದು ಎರಡು ಸಂಗತಿ. ಪ್ರತಿನಿಧಿಗಳೆಂಬ ಅಧಿಕಾರವುಳ್ಳ ಸಮೂಹ ಇಲ್ಲದಿದ್ದರೆ ಡೆಮಾಕ್ರಟಿಕ್ ಪಕ್ಷಕ್ಕೆ ಆ ಜುಲೈನಲ್ಲಿ ಹೊಸ ಅಭ್ಯರ್ಥಿಯನ್ನು ನಿಯಮಬದ್ಧವಾಗಿ ಆರಿಸುವ ದಾರಿ ಬಲು ಕಿರಿದಾಗುತ್ತಿತ್ತು. ಆದರೆ ಆ ಸಮೂಹ ಒಂದೆಡೆ ಸೇರುವ ಅಗತ್ಯ ಬೀಳಲಿಲ್ಲ. ಫೋನ್ ಕರೆಗಳಲ್ಲಿ, ರಾಜ್ಯ ಘಟಕಗಳ ವಿಡಿಯೋ ಸಭೆಗಳಲ್ಲಿ ಎಲ್ಲವೂ ಮುಗಿಯಿತು. ಅಂದರೆ ತೀರ್ಮಾನದ ಅಧಿಕಾರ ಪ್ರತಿನಿಧಿಗಳಲ್ಲಿ ಉಳಿದಿದೆ, ಸಭಾಂಗಣದಲ್ಲಿ ಉಳಿದಿಲ್ಲ.

ಪ್ರೈಮರಿಯಲ್ಲಿ ಬೈಡನ್‌ಗೆ ಮತ ಹಾಕಿದ ಸುಮಾರು 1.4 ಕೋಟಿ ಜನರ ತೀರ್ಪನ್ನು ಕೆಲವು ಸಾವಿರ ಪ್ರತಿನಿಧಿಗಳು ಬದಲಿಸಿದ್ದು ಸರಿಯೇ ಎಂಬ ಆಕ್ಷೇಪವೂ ಬಂತು. ನಿಯಮದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ಆದರೆ ಪ್ರತಿನಿಧಿಗಳಿಗೆ ಆ ಸ್ವಾತಂತ್ರ್ಯ ಎಲ್ಲಿಂದ ಬಂತು ಎಂದು ಹುಡುಕಿದರೆ ಮತ್ತೆ ಹಳೆಯ ಸಮಾವೇಶವೊಂದರ ಸೋಲಿಗೇ ಬರಬೇಕಾಗುತ್ತದೆ.

ಸೋತವರು ಬರೆಸಿದ ನಿಯಮಗಳು

1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ವಿರುದ್ಧ ಪ್ರೈಮರಿಗಳಲ್ಲಿ ಸೋತ ಎಡ್ವರ್ಡ್ ಕೆನಡಿ, ಪ್ರತಿನಿಧಿಗಳು ತಮಗೆ ನಿಗದಿಯಾದ ಅಭ್ಯರ್ಥಿಗೇ ಮತ ಹಾಕಬೇಕೆಂಬ ನಿಯಮವನ್ನು ತೆಗೆದುಹಾಕಿ ಎಂದು ನ್ಯೂಯಾರ್ಕಿನ ಸಮಾವೇಶದಲ್ಲಿ ಪಟ್ಟು ಹಿಡಿದರು. ಅವರು ಸೋತರು. ಆದರೆ ವಾದ ಸಾಯಲಿಲ್ಲ. ಎರಡು ವರ್ಷಗಳಲ್ಲಿ ಪಕ್ಷ ನಿಯಮವನ್ನು ಸಡಿಲಿಸಿ, ಪ್ರತಿನಿಧಿಗಳು ತಮ್ಮನ್ನು ಆರಿಸಿದವರ ಮನೋಭಾವವನ್ನು ಆತ್ಮಸಾಕ್ಷಿಗೆ ಅನುಸಾರವಾಗಿ ಪ್ರತಿಬಿಂಬಿಸಬೇಕು ಎಂದು ಬರೆದುಕೊಂಡಿತು. 2024ರಲ್ಲಿ ಬೈಡನ್ ಪರ ಆಯ್ಕೆಯಾದವರು ಹ್ಯಾರಿಸ್ ಕಡೆಗೆ ತಿರುಗಲು ಅಡ್ಡಿಯಾಗದಿದ್ದದ್ದು ಈ ಸಡಿಲ ವಾಕ್ಯದಿಂದ.

ಇದು ಬಿಡಿ ಘಟನೆಯಲ್ಲ. 1964ರಲ್ಲಿ ಅಟ್ಲಾಂಟಿಕ್ ಸಿಟಿಯ ಸಮಾವೇಶಕ್ಕೆ ಮಿಸಿಸಿಪ್ಪಿಯಿಂದ ಬಂದ ಅಧಿಕೃತ ಗುಂಪು ಬರೀ ಬಿಳಿಯರದ್ದಾಗಿತ್ತು. ಮತದಾನದ ಹಕ್ಕಿಗಾಗಿ ಏಟು ತಿಂದ ಫ್ಯಾನಿ ಲೂ ಹೇಮರ್ ಮೊದಲಾದವರು ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಕಟ್ಟಿಕೊಂಡು, ನಿಜವಾದ ಪ್ರತಿನಿಧಿಗಳು ನಾವು ಎಂದು ಬಂದರು. ಅವರಿಗೆ ಮತದ ಹಕ್ಕಿಲ್ಲದ ಅತಿಥಿಗಳ ಸ್ಥಾನ ಮತ್ತು ಎರಡು ಆಸನಗಳನ್ನು ಕೊಡುವುದಾಗಿ ಪಕ್ಷದ ನಾಯಕರು ಹೇಳಿದರು. ಹೇಮರ್ ಕಡೆಯವರು ಒಪ್ಪಲಿಲ್ಲ, ಬರಿಗೈಲಿ ಹಿಂತಿರುಗಿದರು. ಆದರೆ ಮುಂದಿನ ಸಮಾವೇಶದಿಂದ ವರ್ಣಭೇದ ಮಾಡುವ ರಾಜ್ಯ ಗುಂಪುಗಳಿಗೆ ಪ್ರವೇಶವಿಲ್ಲ ಎಂಬ ಭರವಸೆಯನ್ನು ಪಕ್ಷ ಕೊಡಬೇಕಾಯಿತು. 1968ರಲ್ಲಿ ಮಿಸಿಸಿಪ್ಪಿಯ ಹಳೆಯ ಗುಂಪನ್ನು ಹೊರಗಿಟ್ಟಾಗ ಆ ಭರವಸೆ ಈಡೇರಿತು.

ರಿಪಬ್ಲಿಕನ್ ಪಕ್ಷದಲ್ಲೂ ಇದಕ್ಕೆ ನಿದರ್ಶನವಿದೆ. 1976ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ 1,187 ಮತ, ರೊನಾಲ್ಡ್ ರೇಗನ್ 1,070 ಮತ ಪಡೆದರು. ಕೊನೆಯವರೆಗೂ ಫಲಿತಾಂಶ ಖಚಿತವಿರದಿದ್ದ ಕಟ್ಟಕಡೆಯ ಸಮಾವೇಶ ಅದು. ಸೋತ ರೇಗನ್ ಬಣ ವಿದೇಶಾಂಗ ನೀತಿಯ ಬಗ್ಗೆ ತನ್ನದೇ ಅಂಶವನ್ನು ಪಕ್ಷದ ಪ್ರಣಾಳಿಕೆಗೆ ಸೇರಿಸಿತು. ಅದು ಫೋರ್ಡ್ ಸರ್ಕಾರದ ನೀತಿಯ ಟೀಕೆಯೇ ಆಗಿದ್ದರೂ ಫೋರ್ಡ್ ಕಡೆಯವರು ಜಗಳಕ್ಕೆ ಹೋಗದೆ ಒಪ್ಪಿಕೊಂಡರು. ನಾಲ್ಕು ವರ್ಷಗಳ ನಂತರ ಅಭ್ಯರ್ಥಿಯೂ ರೇಗನ್, ಅಧ್ಯಕ್ಷರೂ ರೇಗನ್.

ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಉದಾಹರಣೆ 1988ರದ್ದು. ಮೈಕೆಲ್ ಡುಕಾಕಿಸ್ ಎದುರು ಸೋತ ಜೆಸ್ಸಿ ಜಾಕ್ಸನ್, ತಮ್ಮ ಬೆಂಬಲಕ್ಕೆ ಪ್ರತಿಯಾಗಿ ನಿಯಮಗಳಲ್ಲಿ ಬದಲಾವಣೆ ಕೇಳಿದರು. ರಾಜ್ಯ ಗೆದ್ದವರಿಗೇ ಎಲ್ಲ ಪ್ರತಿನಿಧಿಗಳು ಅಥವಾ ಹೆಚ್ಚುವರಿ ಪ್ರತಿನಿಧಿಗಳು ಸಿಗುವ ಪದ್ಧತಿ ನಿಲ್ಲಬೇಕು, ಮತದ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗಬೇಕು ಎಂಬುದು ಬೇಡಿಕೆ. ಅದು ಒಪ್ಪಿಗೆಯಾಯಿತು. ಇಪ್ಪತ್ತು ವರ್ಷಗಳ ನಂತರ, 2008ರಲ್ಲಿ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಂಥ ದೊಡ್ಡ ರಾಜ್ಯಗಳನ್ನು ಗೆದ್ದವರು ಹಿಲರಿ ಕ್ಲಿಂಟನ್. ಹಳೆಯ ಪದ್ಧತಿಯಿದ್ದರೆ ಅವರ ಮುನ್ನಡೆಯನ್ನು ಹಿಡಿಯುವುದು ಕಷ್ಟವಾಗುತ್ತಿತ್ತು. ಸೋತ ರಾಜ್ಯಗಳಲ್ಲೂ ಪಾಲು ಸಿಕ್ಕಿದ್ದರಿಂದಲೇ ಬರಾಕ್ ಒಬಾಮಾ ಪ್ರತಿನಿಧಿಗಳ ಲೆಕ್ಕದಲ್ಲಿ ಮುಂದೆ ಉಳಿದರು.

2016ರಲ್ಲಿ ಬರ್ನಿ ಸ್ಯಾಂಡರ್ಸ್ ಬಣದ ಸಿಟ್ಟು ಸೂಪರ್‌ಡೆಲಿಗೇಟ್‌ಗಳ ಮೇಲಿತ್ತು. ಇವರು ಪ್ರೈಮರಿಯ ಮೂಲಕವಲ್ಲದೆ, ಹುದ್ದೆಯ ಕಾರಣಕ್ಕೇ ಪ್ರತಿನಿಧಿಗಳಾಗುವ ಸಂಸದರು, ಗವರ್ನರ್‌ಗಳು, ಪಕ್ಷದ ಪದಾಧಿಕಾರಿಗಳು. ಒಟ್ಟು 700ಕ್ಕೂ ಹೆಚ್ಚು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದು, 2022ರಲ್ಲಿ ಮಿಷಿಗನ್‌ನಿಂದ ಸಂಸತ್ತಿಗೆ ಆಯ್ಕೆಯಾದ ಶ್ರೀ ಥಾಣೇದಾರ್ ಅವರಿಗೆ 2024ರ ಸಮಾವೇಶದಲ್ಲಿ ಸ್ಥಾನ ಬಂದದ್ದೂ ಇದೇ ನಿಯಮದಿಂದ. ಸ್ಯಾಂಡರ್ಸ್ ಬಣದ ಒತ್ತಾಯಕ್ಕೆ ಮಣಿದು 2016ರ ಸಮಾವೇಶ ಸುಧಾರಣಾ ಆಯೋಗವೊಂದನ್ನು ನೇಮಿಸಿತು, 2018ರಲ್ಲಿ ನಿಯಮ ಬದಲಾಯಿತು: ಫಲಿತಾಂಶ ಮೊದಲೇ ಖಚಿತವಾಗಿದ್ದ ಹೊರತು ಸೂಪರ್‌ಡೆಲಿಗೇಟ್‌ಗಳು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ.

ಈ ಸರಣಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಸಮಾವೇಶದ ಉಳಿದ ಕೆಲಸ ಯಾವುದೆಂದು ಕಾಣುತ್ತದೆ. ಸೋತ ಬಣದ ಕೈಯಲ್ಲಿ ಆ ನಾಲ್ಕು ದಿನ ಒಂದು ಬಲವಿರುತ್ತದೆ. ಗೆದ್ದವರಿಗೆ ಟಿವಿಯ ಮುಂದೆ ಒಗ್ಗಟ್ಟಿನ ಚಿತ್ರ ಬೇಕು, ಅದನ್ನು ಕೆಡಿಸುವ ಶಕ್ತಿ ಸೋತವರಿಗಿದೆ. ಆ ಭಯಕ್ಕೆ ಬೆಲೆಯಾಗಿ ಸೋತವರು ಮುಂದಿನ ಬಾರಿಯ ನಿಯಮಗಳನ್ನು ಬರೆಸಿಕೊಳ್ಳುತ್ತಾರೆ. ಸಭೆಯೇ ಇಲ್ಲದಿದ್ದರೆ, ಅಥವಾ ಸಭೆಯಲ್ಲಿ ಯಾರೂ ಬಾಯಿ ಬಿಡದಂತೆ ವ್ಯವಸ್ಥೆಯಾಗಿದ್ದರೆ, ಈ ಚೌಕಾಸಿಗೆ ಜಾಗವೇ ಇರುವುದಿಲ್ಲ.

ಯಾರು ಏನು ಹೇಳುತ್ತಾರೆ

ಸಮಾವೇಶ ನಿಲ್ಲಿಸಿ ಎನ್ನುವವರು ಮೊದಲು ತೋರಿಸುವುದು ಖರ್ಚನ್ನು. 1976ರಿಂದ 2012ರವರೆಗೆ ಸಮಾವೇಶಗಳಿಗೆ ಸರ್ಕಾರದ ಹಣ ಸಿಗುತ್ತಿತ್ತು. 2012ರಲ್ಲಿ ಪ್ರತಿ ಪಕ್ಷಕ್ಕೂ ಸುಮಾರು 1.8 ಕೋಟಿ ಡಾಲರ್ ಬಂತು. 2014ರಲ್ಲಿ ಸಂಸತ್ತು ಅದನ್ನು ನಿಲ್ಲಿಸಿ ಮಕ್ಕಳ ಕಾಯಿಲೆಗಳ ಸಂಶೋಧನೆಗೆ ತಿರುಗಿಸಿತು. ಅಂದಿನಿಂದ ಖರ್ಚಿನ ಭಾರ ದೊಡ್ಡ ದಾನಿಗಳ ಮೇಲೆ, ಆತಿಥೇಯ ನಗರದ ಸಮಿತಿಗೆ ಮಿತಿಯಿಲ್ಲದೆ ದೇಣಿಗೆ ಕೊಡುವ ಕಂಪನಿಗಳ ಮೇಲೆ ಬಿದ್ದಿದೆ. ಭದ್ರತೆಗೆ ಈಗಲೂ ಸರ್ಕಾರವೇ ಹಣ ಕೊಡುತ್ತದೆ. 2024ರಲ್ಲಿ ಮಿಲ್ವಾಕಿ, ಷಿಕಾಗೋ ನಗರಗಳಿಗೆ ತಲಾ 7.5 ಕೋಟಿ ಡಾಲರ್ ಹೋಯಿತು. ನೋಡುವವರ ಸಂಖ್ಯೆಯೂ ಇಳಿದಿದೆ. 2008ರಲ್ಲಿ ಒಬಾಮಾ ಮತ್ತು ಮೆಕೇನ್ ಅವರ ಭಾಷಣಗಳನ್ನು ತಲಾ 3.8 ಕೋಟಿಗೂ ಹೆಚ್ಚು ಜನ ಟಿವಿಯಲ್ಲಿ ನೋಡಿದ್ದರು. 2024ರಲ್ಲಿ ಟ್ರಂಪ್, ಹ್ಯಾರಿಸ್ ಇಬ್ಬರಿಗೂ ಮೂರು ಕೋಟಿ ದಾಟಲಿಲ್ಲ. ಸಮಾವೇಶದ ನಂತರ ಬರುವ ಬೆಂಬಲದ ಏರಿಕೆಯನ್ನು ನಂಬುವಂತೆಯೂ ಇಲ್ಲ. 1988ರ ಸಮಾವೇಶದ ನಂತರ ಡುಕಾಕಿಸ್ ಜನಮತ ಸಮೀಕ್ಷೆಯಲ್ಲಿ ಶೇಕಡಾ 17 ಅಂಶಗಳಷ್ಟು ಮುಂದಿದ್ದರು, ನವೆಂಬರ್‌ನಲ್ಲಿ ಸೋತರು.

ಪ್ರಚಾರ ಪರಿಣತರು ಇದನ್ನು ಒಪ್ಪುವುದಿಲ್ಲ. ಮೂರು ಕೋಟಿಯ ಹತ್ತಿರದ ಜನ ಪತ್ರಕರ್ತರ ಮಧ್ಯಸ್ಥಿಕೆಯಿಲ್ಲದೆ ಪಕ್ಷದ ಮಾತನ್ನು ನೇರವಾಗಿ ಕೇಳುವ ಅವಕಾಶ ಬೇರೆಲ್ಲೂ ಸಿಗುವುದಿಲ್ಲ ಎಂಬುದು ಅವರ ಲೆಕ್ಕ. ಹೊಸಬರು ದೇಶಕ್ಕೆ ಪರಿಚಯವಾಗುವುದೂ ಅಲ್ಲೇ. 2004ರಲ್ಲಿ ಬಾಸ್ಟನ್‌ನಲ್ಲಿ ಭಾಷಣ ಮಾಡಿದಾಗ ಒಬಾಮಾ ಇಲಿನಾಯ್ ರಾಜ್ಯದ ಶಾಸಕರಷ್ಟೇ ಆಗಿದ್ದರು.

ಮೂರನೆಯ ನಿಲುವು ರಾಜಕೀಯ ಶಾಸ್ತ್ರಜ್ಞರಲ್ಲಿ ಕೆಲವರದ್ದು. ಬ್ರೂಕಿಂಗ್ಸ್ ಸಂಸ್ಥೆಯ ಎಲೈನ್ ಕಮಾರ್ಕ್ ಅವರಂಥವರು, ಅಭ್ಯರ್ಥಿಯ ಯೋಗ್ಯತೆಯನ್ನು ಅವರೊಂದಿಗೆ ಕೆಲಸ ಮಾಡಿದ ಅನುಭವಿ ರಾಜಕಾರಣಿಗಳು ತೂಗಿ ನೋಡುವ ಹಂತವೊಂದು ಇರಬೇಕು ಎಂದು ವಾದಿಸುತ್ತ ಬಂದಿದ್ದಾರೆ. ಪ್ರೈಮರಿಯಲ್ಲಿ ಮತ ಹಾಕುವವರು ದೇಶದ ಮತದಾರರಲ್ಲಿ ಸಣ್ಣ ಪಾಲು. ಅವರಲ್ಲಿ ಗಟ್ಟಿ ದನಿಯವರೇ ಹೆಚ್ಚು ಎಂಬುದು ಇದರ ಹಿಂದಿನ ಆತಂಕ. ವಾದದಲ್ಲಿ ಹುರುಳಿದೆ. ಆದರೆ ಐವತ್ತು ವರ್ಷಗಳಿಂದ ಮತ ಹಾಕಿ ಅಭ್ಯಾಸವಾದವರ ಕೈಯಿಂದ ಆ ಹಕ್ಕನ್ನು ಹಿಂದಕ್ಕೆ ಪಡೆಯುವುದು ಯಾವ ಪಕ್ಷಕ್ಕೂ ಸಾಧ್ಯವಿಲ್ಲ. 2018ರ ಸೂಪರ್‌ಡೆಲಿಗೇಟ್ ನಿಯಮ ಹೋದದ್ದೂ ಇದರ ವಿರುದ್ಧ ದಿಕ್ಕಿಗೇ.

ಬರಿದಾಗುತ್ತಿರುವ ಕಾರ್ಯಸೂಚಿ

ಚೌಕಾಸಿಯ ಜಾಗ ಕಿರಿದಾಗುತ್ತಿರುವುದರ ಲಕ್ಷಣಗಳು ಎರಡೂ ಪಕ್ಷಗಳಲ್ಲಿ ಕಾಣುತ್ತಿವೆ. 2016ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ನಿಯಮಗಳ ಮೇಲೆ ರಾಜ್ಯವಾರು ಮತ ಎಣಿಕೆ ಬೇಕೆಂದು ಟ್ರಂಪ್ ವಿರೋಧಿಗಳು ಕೇಳಿದಾಗ, ಅಧ್ಯಕ್ಷಪೀಠ ಧ್ವನಿಮತದಲ್ಲೇ ಮುಗಿಸಿತು. 2020ರಲ್ಲಿ ಕೋವಿಡ್ ಕಾರಣಕ್ಕೆ ರಿಪಬ್ಲಿಕನ್ ಪಕ್ಷ ಷಾರ್ಲಟ್‌ಗೆ 336 ಪ್ರತಿನಿಧಿಗಳನ್ನಷ್ಟೇ ಕರೆಸಿತು, ಹೊಸ ಪ್ರಣಾಳಿಕೆ ಬರೆಯುವುದನ್ನೇ ಬಿಟ್ಟು ಅಧ್ಯಕ್ಷರ ಕಾರ್ಯಸೂಚಿಗೆ ಬೆಂಬಲ ಎಂಬ ನಿರ್ಣಯ ಮಾಡಿತು. 2024ರಲ್ಲಿ ಅದರ ಪ್ರಣಾಳಿಕೆ 16 ಪುಟಕ್ಕೆ ಇಳಿಯಿತು. ಡೆಮಾಕ್ರಟರ ಪ್ರಣಾಳಿಕೆ ಉದ್ದವಿತ್ತು, ಆದರೆ ಬೈಡನ್ ಹಿಂದೆ ಸರಿಯುವ ಮೊದಲೇ ಬರೆದಿದ್ದ ಅದರಲ್ಲಿ ಅವರ ಎರಡನೇ ಅವಧಿಯ ಮಾತುಗಳು ಹಾಗೇ ಉಳಿದಿದ್ದವು. ತಿದ್ದುವ ವ್ಯವಧಾನವೂ ಯಾರಿಗೂ ಇರಲಿಲ್ಲ.

ಟ್ರಂಪ್ ಮುಂದಿಟ್ಟ, ಅಧ್ಯಕ್ಷರ ಅವಧಿಯ ನಡುವಿನ ಸಮಾವೇಶದ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಇದು ಹೊಸತೂ ಅಲ್ಲ. ಡೆಮಾಕ್ರಟರು 1974ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ, 1978ರಲ್ಲಿ ಮೆಂಫಿಸ್‌ನಲ್ಲಿ, 1982ರಲ್ಲಿ ಫಿಲಡೆಲ್ಫಿಯಾದಲ್ಲಿ ಹೀಗೆ ಸೇರಿದ್ದರು. ಮೊದಲನೆಯದಕ್ಕೆ ನಿಜವಾದ ಕೆಲಸವಿತ್ತು, ಪಕ್ಷದ ಲಿಖಿತ ಸಂವಿಧಾನವನ್ನು ಅಲ್ಲಿ ಅಂಗೀಕರಿಸಲಾಯಿತು. ಎರಡನೆಯದರಲ್ಲಿ ಎಡ್ವರ್ಡ್ ಕೆನಡಿ ಆರೋಗ್ಯ ವಿಮೆಯ ಪ್ರಶ್ನೆ ಎತ್ತಿ ತಮ್ಮದೇ ಪಕ್ಷದ ಅಧ್ಯಕ್ಷ ಕಾರ್ಟರ್ ಅವರನ್ನು ಮುಜುಗರಕ್ಕೆ ಸಿಕ್ಕಿಸಿದರು, ಎರಡು ವರ್ಷದಲ್ಲಿ ಅದು ನೇರ ಸ್ಪರ್ಧೆಯಾಯಿತು. 1986ರ ಸಭೆಯನ್ನು ಪಕ್ಷ ರದ್ದು ಮಾಡಿತು. ಒಳಜಗಳ ಬೀದಿಗೆ ಬರುವುದು ಬೇಡವೆಂಬ ಎಣಿಕೆ ಅದರ ಹಿಂದಿತ್ತು. ಅಧ್ಯಕ್ಷರೇ ಕರೆದು, ಅವರ ಸಾಧನೆ ಸಾರುವುದಕ್ಕೆಂದೇ ಸೇರುವ ಸಭೆಯಲ್ಲಿ ಅಂಥ ಪ್ರಶ್ನೆ ಏಳುವ ಸಂಭವ ಕಡಿಮೆ. ಏಳದಿದ್ದರೆ ಅದು ದೊಡ್ಡ ಪ್ರಚಾರಸಭೆಯಾಗುತ್ತದೆಯೇ ಹೊರತು ಸಮಾವೇಶವಾಗುವುದಿಲ್ಲ.

2028ರತ್ತ

ನಿಜವಾದ ಪರೀಕ್ಷೆ 2028ರಲ್ಲಿ ಬರಲಿದೆ. ಸಂವಿಧಾನದ 22ನೇ ತಿದ್ದುಪಡಿಯಿಂದಾಗಿ ಟ್ರಂಪ್ ಮತ್ತೆ ಆಯ್ಕೆಯಾಗುವಂತಿಲ್ಲವಾದ್ದರಿಂದ ಎರಡೂ ಪಕ್ಷಗಳಲ್ಲಿ ಕಣ ತೆರೆದಿರುತ್ತದೆ. ಹ್ಯೂಸ್ಟನ್‌ನಲ್ಲಿ ಸೇರಲಿರುವ ರಿಪಬ್ಲಿಕನ್ನರಲ್ಲಿ ಹಲವು ರಾಜ್ಯಗಳು ಗೆದ್ದವರಿಗೇ ಎಲ್ಲ ಪ್ರತಿನಿಧಿಗಳನ್ನು ಕೊಡುವುದರಿಂದ, ಮುಂಚೂಣಿಯಲ್ಲಿರುವವರು ಬೇಗ ಬಹುಮತ ಮುಟ್ಟುತ್ತಾರೆ. ಅಲ್ಲಿ ಎರಡನೇ ಸುತ್ತು ಬರುವ ಸಾಧ್ಯತೆ ಕಡಿಮೆ.

ಡೆಮಾಕ್ರಟರ ಲೆಕ್ಕ ಬೇರೆ. ಜಾಕ್ಸನ್ ಬರೆಸಿದ ಪ್ರಮಾಣಾನುಗುಣ ಹಂಚಿಕೆ ಎಲ್ಲ ರಾಜ್ಯಗಳಲ್ಲೂ ಇದೆ, ಶೇ 15ರಷ್ಟು ಮತ ಪಡೆದವರೆಲ್ಲರಿಗೂ ಪಾಲಿದೆ. ಮೂರ್ನಾಲ್ಕು ಮಂದಿ ಬಲವಾಗಿ ಕೊನೆಯವರೆಗೂ ಉಳಿದರೆ ಯಾರಿಗೂ ಬಹುಮತ ಬಾರದೆ ಹೋಗಬಹುದು. ಸಾಮಾನ್ಯವಾಗಿ ಹಾಗಾಗುವುದಿಲ್ಲ, ಏಕೆಂದರೆ ಹಿಂದೆ ಬಿದ್ದವರ ಹಣ ಬತ್ತಿ ಅವರು ಕಣ ಬಿಡುತ್ತಾರೆ. 2020ರ ಮಾರ್ಚ್‌ನಲ್ಲಿ ಒಬ್ಬರ ಹಿಂದೊಬ್ಬರು ಸರಿದು ಬೈಡನ್ ಬೆನ್ನಿಗೆ ನಿಂತದ್ದು ಹೀಗೆಯೇ. ಆದರೆ ಈಗ ಆನ್‌ಲೈನ್ ಸಣ್ಣ ದೇಣಿಗೆಗಳಿಂದ ಸೋಲುತ್ತಿರುವ ಅಭ್ಯರ್ಥಿಯೂ ತಿಂಗಳುಗಟ್ಟಲೆ ಉಸಿರು ಹಿಡಿಯಬಹುದು.

ಎರಡನೇ ಸುತ್ತಿಗೆ ಹೋದರೆ ಮೊದಲ ಸುತ್ತಿನಲ್ಲಿ ಬಾಯಿ ಕಟ್ಟಿಕೊಂಡು ಕುಳಿತ 700ಕ್ಕೂ ಹೆಚ್ಚು ಸೂಪರ್‌ಡೆಲಿಗೇಟ್‌ಗಳು ಮತದಾರರಾಗುತ್ತಾರೆ. ಅಂದರೆ ಅವರ ಅಧಿಕಾರ ಕಿತ್ತುಕೊಳ್ಳಲೆಂದು ಸ್ಯಾಂಡರ್ಸ್ ಬಣ ತಂದ ನಿಯಮವೇ, ತೀರ್ಪು ನಿಜಕ್ಕೂ ಅತಂತ್ರವಾದ ಘಳಿಗೆಯಲ್ಲಿ ಅವರನ್ನು ನಿರ್ಣಾಯಕರನ್ನಾಗಿಸುತ್ತದೆ. ಆಗ ಪ್ರತಿನಿಧಿಗಳಾಗಿ ಹೆಸರು ಹಾಕಿಸಿಕೊಂಡವರು ಯಾರು, ಅವರನ್ನು ಅಭ್ಯರ್ಥಿಗಳ ತಂಡಗಳು ಯಾವ ನಂಬಿಕೆಯ ಮೇಲೆ ಆರಿಸಿದವು ಎಂಬುದು ಮುಖ್ಯವಾಗುತ್ತದೆ. ಈವರೆಗೆ ಈ ಪಟ್ಟಿಗಳು ನಿಷ್ಠಾವಂತ ಕಾರ್ಯಕರ್ತರಿಗೆ ಕೊಡುವ ಗೌರವವಾಗಿದ್ದವು. 2028ರ ಮೊದಲ ಪ್ರೈಮರಿ ನಡೆಯುವ ಮೊದಲೇ, ರಾಜ್ಯ ಘಟಕಗಳು ತಮ್ಮ ಪ್ರತಿನಿಧಿ ಆಯ್ಕೆಯ ನಿಯಮಗಳನ್ನು ಬರೆದು ಪಕ್ಷದ ನಿಯಮ ಸಮಿತಿಯ ಒಪ್ಪಿಗೆಗೆ ಕಳಿಸುವ ಹಂತದಲ್ಲೇ, ಯಾವ ಬಣದ ಎಷ್ಟು ಜನ ಆ ಕೋಣೆಯಲ್ಲಿದ್ದಾರೆ ಎಂಬುದನ್ನು ಗಮನಿಸಿದವರಿಗೆ ಸಮಾವೇಶದ ಅರ್ಧ ಕಥೆ ಗೊತ್ತಾಗಿರುತ್ತದೆ.